ಪರೀಕ್ಷೆಯ ಬೆಳಗ್ಗೆ ಎದುರಾದವರು

೮ ಆಗಸ್ಟ್ ೧೯೬೬, ಸೋಮವಾರ

ಇಂದು ಮೂರನೆಯ ಪೀರಿಯಡ್ಡಿನಲ್ಲಿ ಹೆಡ್‌ಮಾಸ್ಟರು ಮುಕುಂದಯ್ಯನವರು ಜವಾನ ಮಾರಪ್ಪನನ್ನು ಕಳುಹಿಸಿ ನನ್ನನ್ನು ಕರೆಸಿಕೊಂಡರು. ಎಸ್.ಎಸ್.ಎಲ್.ಸಿ. ತರಗತಿಯ ನಲವತ್ತೆರಡು ಮಂದಿಯಲ್ಲಿ ಅವರು ಕರೆಯಬಹುದಾದವಳು ನಾನೊಬ್ಬಳೇ ಆದ್ದರಿಂದ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಮೂರು ವರ್ಷಗಳಿಂದ ಈ ಶಾಲೆಯ ಮೊದಲನೆಯ ಸ್ಥಾನ ವಾಗ್ದೇವಿ ಎಂಬ ಹೆಸರನ್ನು ಬಿಟ್ಟು ಕದಲಿಲ್ಲ.

ವಿಷಯ ವೇದಾವತಿ ಟೀಚರ್ ಅವರದು. ಜೂನ್ ತಿಂಗಳಲ್ಲಿ ವಿಜ್ಞಾನ ಕಲಿಸಲು ಬಂದರು. ನಮ್ಮ ಶಾಲೆಗೆ ಬಂದ ಮೊದಲ ಅಧ್ಯಾಪಕಿ, ನೇಮಕ ತಾತ್ಕಾಲಿಕ. ವಯಸ್ಸು ಮೂವತ್ತು ದಾಟಿರಲಾರದು. ಗಂಡ ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ಹಣೆ ಬರಿದು, ಮುಡಿ ಬರಿದು. ನಮ್ಮ ಬೀದಿಯ ಕೊನೆಯಲ್ಲೇ ಒಂದು ಕೋಣೆ ಹಿಡಿದು ಒಬ್ಬರೇ ಇದ್ದಾರೆ. ಅವರು ಬೋರ್ಡಿನ ಕಡೆಗೆ ತಿರುಗಿದೊಡನೆ ಹಿಂದಿನ ಬೆಂಚುಗಳಿಂದ ಗುಂಯ್ ಎಂಬ ಸದ್ದು ಏಳುತ್ತದೆ. ಬಾಯಿ ಮುಚ್ಚಿಕೊಂಡು ಮೂಗಿನಲ್ಲೇ ಮಾಡುವ ಸದ್ದು. ಯಾರದೆಂದು ಬೆರಳು ತೋರಿಸಲು ಬಾರದು.

“ನಾನು ಬೆತ್ತ ಹಿಡ್ದು ಬಾಗಿಲಲ್ಲಿ ನಿಂತ್ರೆ ಸುಮ್ಮನಿರ್ತಾರೆ. ಹೋದ ಮೇಲೆ ಮತ್ತೆ ಶುರು,” ಎಂದರು ಹೆಡ್‌ಮಾಸ್ಟರು. “ಜನವರಿಯಲ್ಲಿ ಇನ್‌ಸ್ಪೆಕ್ಟರು ಬರ್ತಾರೆ. ಆಗಲೂ ತರಗತಿ ಹೀಗೇ ಇದ್ರೆ, ಈಕೆಯನ್ನ ಮುಂದುವರಿಸಿ ಅಂತ ನಾನು ಯಾವ ಮುಖ ಇಟ್ಕೊಂಡು ಬರೀಲಮ್ಮ? ನಡತೆಯ ನಿಯಮಗಳನ್ನ ನೀವೇ ಬರ್ಕೊಳ್ಳಿ. ನಿನ್ನಂಥವಳು ಬರೆದ್ರೆ ಅದಕ್ಕೊಂದು ತೂಕ ಇರುತ್ತೆ.”

ಟೀಚರ್ ಅವರ ಕೆಲಸ ಉಳಿಯುವುದು ಹೀಗೆ ನನ್ನ ಕೈಗೆ ಬಂದಿದೆ. “ಬರೆಯುತ್ತೇನೆ ಸಾರ್,” ಎಂದೆ. ರೇಖಾಗಣಿತದ ಪ್ರಮೇಯವನ್ನು ಸಾಧಿಸಬಲ್ಲವಳಿಗೆ ಒಂದು ತರಗತಿಯನ್ನು ತಿದ್ದುವುದು ಹೆಚ್ಚಿನ ಮಾತಾಗಲಾರದು.

೧೧ ಆಗಸ್ಟ್, ಗುರುವಾರ

ಹದಿನಾಲ್ಕು ನಿಯಮಗಳನ್ನು ಬರೆದೆ. ಹೆಡ್‌ಮಾಸ್ಟರು ಓದಿ ಒಂಬತ್ತಕ್ಕೆ ಇಳಿಸಿದರು. ಅಧ್ಯಾಪಕರು ಒಳಗೆ ಬಂದಾಗ ಎಲ್ಲರೂ ಎದ್ದು ಕೈ ಮುಗಿಯತಕ್ಕದ್ದು. ಅವರು ಬೆನ್ನು ತಿರುಗಿಸಿದ್ದಾಗ ಎದುರಿನಲ್ಲಿದ್ದಾಗ ಹೇಗೋ ಹಾಗೆಯೇ ಇರತಕ್ಕದ್ದು. ಅನಾವಶ್ಯಕ ಸದ್ದು ಮಾಡತಕ್ಕದ್ದಲ್ಲ. ‘ತಕ್ಕದ್ದು’ ಎಂಬ ಪದಕ್ಕೆ ಅಪ್ಪಯ್ಯ ತಲೆದೂಗಿದರು. ಅವರು ಮುನ್ಸೀಫ್ ಕೋರ್ಟಿನ ಗುಮಾಸ್ತರು. ಕಾಗದದ ಭಾಷೆಯ ಗತ್ತನ್ನು ಬಲ್ಲವರು.

ನನ್ನ ಬೆಂಚಿನ ಸರೋಜ ಪಟ್ಟಿಯನ್ನು ಎರಡು ಸಲ ಓದಿದಳು. “ಸೀನು ಬಂದ್ರೆ ಏನು ಮಾಡ್ಬೇಕು ಅಂತ ಬರ್ದಿಲ್ವಲ್ಲೇ? ಅರ್ಜಿ ಹಾಕ್ಬೇಕಾ?” ಎಂದಳು. ಸರೋಜಳಿಗೆ ಯಾವ ವಿಷಯದಲ್ಲೂ ಗಾಂಭೀರ್ಯವಿಲ್ಲ; ಗಣಿತದಲ್ಲಿ ಮೂವತ್ತೆಂಟು ಬರುವುದು ಸುಮ್ಮನೆ ಅಲ್ಲ.

೧೭ ಆಗಸ್ಟ್, ಬುಧವಾರ

ನಿಯಮಗಳನ್ನು ಬೋರ್ಡಿನ ಪಕ್ಕದಲ್ಲಿ ಅಂಟಿಸಿ, ಮುರಿದವರ ಹೆಸರು ಬರೆಯಲು ಒಂದು ದಪ್ಪ ಪುಸ್ತಕ ಮಾಡಿದ್ದೇನೆ. ಶನಿವಾರದ ಪ್ರಾರ್ಥನೆಯಲ್ಲಿ ಹೆಸರುಗಳನ್ನು ಓದಲಾಗುವುದು ಎಂದು ಎದ್ದು ನಿಂತು ತಿಳಿಸಿದೆ.

ಕೊನೆಯ ಬೆಂಚಿನಿಂದ ವಾಸಪ್ಪ ಎದ್ದ. ತಾಳಗುಪ್ಪದಿಂದ ದಿನವೂ ರೈಲಿನಲ್ಲಿ ಬರುವ ಹುಡುಗರ ಗುಂಪಿಗೆ ಅವನೇ ದೊರೆ. ಉದ್ದನೆಯ ಆಸಾಮಿ, ಪುಸ್ತಕಗಳನ್ನು ಹಗ್ಗದಲ್ಲಿ ಕಟ್ಟಿಕೊಂಡು ಬರುತ್ತಾನೆ.

“ಲೀಡರಮ್ಮ, ಒಂದು ಡೌಟು. ಅನಾವಶ್ಯಕ ಸದ್ದು ಅಂದೀರಲ್ಲ, ಹೊಟ್ಟೆ ಹಸ್ದು ಗುರ್ರ್ ಅಂದ್ರೆ ಅದು ಅವಶ್ಯಕವೋ ಅನಾವಶ್ಯಕವೋ? ನಾವು ಏಳಕ್ಕೆ ಉಂಡು ರೈಲು ಹತ್ತಿದವ್ರು ಕಣ್ರೀ.”

ತರಗತಿ ನಕ್ಕಿತು. ನಾನು ಪುಸ್ತಕ ತೆರೆದು ಮೊದಲನೆಯ ಹೆಸರನ್ನು ಬರೆದೆ. ಅವನು ಕತ್ತು ಉದ್ದ ಮಾಡಿ ನೋಡಿ, “ಅಕ್ಷರ ಚಂದ ಬಂದದೆ,” ಎಂದು ಕೂತ.

೨೬ ಸೆಪ್ಟೆಂಬರ್, ಸೋಮವಾರ

ಅರ್ಧವಾರ್ಷಿಕ ಪರೀಕ್ಷೆ ಆರಂಭ. ಬೆಳಗ್ಗೆ ಹೊಸಿಲು ದಾಟಿ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ವೇದಾವತಿ ಟೀಚರು ಎದುರಿಗೆ ಬಂದರು. ಪರೀಕ್ಷೆಗೆ ಹೊರಟಾಗ ಗಂಡನಿಲ್ಲದವರು ಎದುರು ಬಂದರೆ ಒಳಗೆ ಹೋಗಿ, ಕೂತು, ನೀರು ಕುಡಿದು ಮತ್ತೆ ಹೊರಡುವುದು ನಮ್ಮಲ್ಲಿ ರೂಢಿ. “ಕೂಸೇ, ಒಳಗೆ ಬಾ. ಪರೀಕ್ಷೆ ದಿನ ಶಕುನ ನೋಡ್ಕಂಡು ಹೋಗಕ್ಕು,” ಎಂದು ಅಮ್ಮ ಬಾಗಿಲಲ್ಲೇ ಕರೆದಳು. ಹಿಂತಿರುಗಿದೆ. ಟೀಚರ್ ಮೇಲೆ ನನಗೆ ಗೌರವವಿಲ್ಲವೆಂದಲ್ಲ. ಅವರಿಗಾಗಿ ನಾನು ಪಡುತ್ತಿರುವ ಶ್ರಮವೇ ಅದಕ್ಕೆ ಸಾಕ್ಷಿ. ಶಕುನ ಬೇರೆ, ಗೌರವ ಬೇರೆ.

ಗಣಿತ ಪತ್ರಿಕೆ ಸುಲಭವಾಗಿತ್ತು. ನೂರಕ್ಕೆ ತೊಂಬತ್ತೆಂಟಕ್ಕಿಂತ ಕಡಿಮೆ ಬಂದರೆ ತಿದ್ದಿದವರದೇ ತಪ್ಪು.

೧೬ ನವೆಂಬರ್, ಬುಧವಾರ

ಪುಸ್ತಕದಲ್ಲಿ ಮೂವತ್ತೇಳು ಸಲ ಹೆಸರು ಬರೆದಿದ್ದೇನೆ. ಎದ್ದು ಕೈ ಮುಗಿಯುತ್ತಾರೆ, ಸಾಲಾಗಿ ಒಳಗೆ ಬರುತ್ತಾರೆ, ಎಲ್ಲವೂ ನಿಯಮದಂತೆ. ಟೀಚರು ಬೋರ್ಡಿಗೆ ತಿರುಗಿದರೆ ಮತ್ತೆ ಗುಂಯ್.

ಇಂದು ಪಾಠದ ನಂತರ ಟೀಚರು ಪ್ರಯೋಗಶಾಲೆಗೆ ಕರೆದರು. ಗಾಜಿನ ನಳಿಗೆಗಳನ್ನು ತೊಳೆದು ಬೋರಲು ಹಾಕುತ್ತಿದ್ದರು.

“ಆ ಪುಸ್ತಕ ನಿಲ್ಲಿಸಿಬಿಡು ವಾಗ್ದೇವಿ.”

“ನಿಮಗೋಸ್ಕರವೇ ಟೀಚರ್. ಇನ್‌ಸ್ಪೆಕ್ಟರು ಬರುವುದರೊಳಗೆ...”

“ನಂಗೊತ್ತು ಅವರು ಯಾವಾಗ ಬರ್ತಾರೆ ಅಂತ. ಹೆಸರು ಬರೆದ್ರೆ ಸುಮ್ಮನೆ ಕೂರೋರು ಸಿಕ್ತಾರೆ. ನಂಗೆ ಪಾಠ ಕೇಳೋರು ಬೇಕು.”

ಅವರ ಸೌಮ್ಯ ಸ್ವಭಾವವೇ ಈ ಅವ್ಯವಸ್ಥೆಗೆ ಮೂಲವೆಂದು ನನಗೆ ಖಚಿತವಾಗಿದೆ. ಪುಸ್ತಕವನ್ನು ನಿಲ್ಲಿಸುವುದಿಲ್ಲ.

೧ ಡಿಸೆಂಬರ್, ಗುರುವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಟೀಚರು ಹೊರಗೆ ಹೋದ ಮೇಲೆ ನಾನು ಎದ್ದು ತರಗತಿಯ ಮುಂದೆ ನಿಂತೆ. ಒಬ್ಬ ಹೆಂಗಸು ಒಬ್ಬಂಟಿಯಾಗಿ ಬಂದು ನಮಗೆ ವಿದ್ಯೆ ಕಲಿಸುತ್ತಿರುವಾಗ ಹೀಗೆ ಅವಮಾನಿಸುವುದು ಹೇಡಿತನ, ನಾಚಿಕೆ ಇರುವವರು ತಮ್ಮ ಹೆಸರನ್ನು ತಾವೇ ಹೇಳಲಿ ಎಂದೆ. ಚೆನ್ನಾಗಿಯೇ ಮಾತಾಡಿದೆನೆಂದು ಅನಿಸಿತ್ತು.

ವಾಸಪ್ಪ ಎದ್ದ. ಈ ಸಲ ನಗುತ್ತಿರಲಿಲ್ಲ.

“ನಂದು ಬರ್ಕಳಿ. ಗುಂಯ್ ಅಂದಿದೀನಿ, ಸುಳ್ಳು ಹೇಳಲ್ಲ. ಆದ್ರೆ ನಂದೊಂದು ಪ್ರಶ್ನೆ. ಅರ್ಧವಾರ್ಷಿಕ ಪರೀಕ್ಷೆ ದಿನ ಟೀಚರ್ ಎದುರು ಬಂದ್ರು ಅಂತ ಮನೆ ಒಳಗೆ ವಾಪಸ್ ಹೋದವ್ರು ಯಾರು? ನಾನು ರೈಲಿಳ್ದು ಅದೇ ಬೀದೀಲಿ ಬರ್ತಿದ್ದೆ. ನೀವು ಒಳಗೆ ಹೋದ್ರಿ. ಅವರು ನಿಂತೇಬಿಟ್ರು. ಆಮೇಲೆ ತಿರುಗಿ ಬಂದ ದಾರೀಲೇ ಹೋದ್ರು, ಅಷ್ಟು ದೂರ ಸುತ್ತು ಹಾಕ್ಕಂಡು. ಅದನ್ನ ಎಷ್ಟನೇ ನಿಯಮದ ಕೆಳಗೆ ಬರೀತೀರಿ ಲೀಡರಮ್ಮ?”

ಯಾರೂ ನಗಲಿಲ್ಲ. ಅವನ ಹೆಸರಿನ ಮುಂದೆ ‘ಉದ್ಧಟತನ’ ಎಂದು ಬರೆದೆ. ಶಾಯಿ ಆರುವ ಮೊದಲೇ ಪುಸ್ತಕ ಮುಚ್ಚಿಬಿಟ್ಟೆ.

೨ ಡಿಸೆಂಬರ್, ಶುಕ್ರವಾರ

ಬರೆಯುವಂಥದ್ದೇನೂ ಇಲ್ಲ.

೫ ಡಿಸೆಂಬರ್, ಸೋಮವಾರ

ರೂಢಿಯನ್ನು ನಾನು ಹುಟ್ಟಿಸಿದ್ದಲ್ಲ. ಅದರಲ್ಲಿ ವ್ಯಕ್ತಿಯ ಮೇಲಿನ ದ್ವೇಷವಿಲ್ಲ. ಅವರ ಜಾಗದಲ್ಲಿ ನನ್ನ ಸ್ವಂತ ಅತ್ತೆಯೇ ಇದ್ದರೂ ಅಮ್ಮ ಹಾಗೆಯೇ ಕರೆಯುತ್ತಿದ್ದಳು. ಈ ವಾದದಲ್ಲಿ ದೋಷವಿದೆಯೇ ಎಂದು ಮೂರು ದಿನದಿಂದ ಹುಡುಕುತ್ತಿದ್ದೇನೆ, ಇಲ್ಲ. ಆದರೂ ಮತ್ತೆ ಮತ್ತೆ ಹುಡುಕುತ್ತಿರುವುದೇಕೆ ಎಂದು ತಿಳಿಯದು.

ಇಂದು ಲ್ಯಾಬಿನ ಬೀಗದ ಕೈ ಕೇಳಲು ಹೋದಾಗ ಮಾರಪ್ಪ ಮಾತಿಗೆ ಮಾತು ತೆಗೆದು ಹೇಳಿದ: “ಪರೀಕ್ಷೆ ಇದ್ದಾಗ ಬೆಳಿಗ್ಗೆ ಕೀ ನನ್ನತ್ರ ಇರಲ್ಲ ಕಣಮ್ಮ. ಟೀಚರಮ್ಮೋರು ಆರೂವರೆಗೇ ದೊಡ್ಡಿ ಹಿಂದಿನ ಕಾಲುದಾರೀಲಿ ಬಂದುಬಿಡ್ತಾರೆ. ಯಾವ ಮಕ್ಕಳಿಗೂ ಎದುರಾಗಬಾರ್ದಂತೆ. ಮೊದ್ಲನೇ ದಿನ ಮಾತ್ರ ಬೀದೀಲಿ ಬಂದಿದ್ರು.”

ಮೊದಲನೇ ದಿನ. ದನದ ದೊಡ್ಡಿಯ ಹಿಂದಿನ ಆ ದಾರಿಯನ್ನು ಸಂಜೆ ನೋಡಿ ಬಂದೆ. ಸೆಗಣಿ, ಮುಳ್ಳು. ಸೀರೆ ಎತ್ತಿಕೊಳ್ಳದೆ ನಡೆಯಲಾಗದು.

೭ ಡಿಸೆಂಬರ್, ಬುಧವಾರ

ಟೀಚರ್ ಅವರ ಕೋಣೆಗೆ ಹೋದೆ. ತಪ್ಪಾಯಿತು ಎಂಬ ವಾಕ್ಯವನ್ನು ದಾರಿಯುದ್ದಕ್ಕೂ ಸರಿಯಾಗಿ ಕಟ್ಟಿಕೊಂಡಿದ್ದೆ, ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದವರು ಮೊರವನ್ನು ಕೆಳಗಿಡಲಿಲ್ಲ.

“ಸರಿ,” ಎಂದರು. “ಇಲ್ಲಿ, ನನ್ನೊಬ್ಬಳ ಎದುರಿಗೆ ಹೇಳಿದ್ದರಿಂದ ನಿಂಗೆ ಹಗುರಾಯ್ತಾ?”

ಮೊರದಲ್ಲಿ ಕಂಡ ಒಂದು ಕಲ್ಲನ್ನು ನಾನು ಹೆಕ್ಕಿ ಹೊರಗೆ ಹಾಕಿದೆ.

“ನೀನು ಒಳಗೆ ಹೋದದ್ದಕ್ಕೆ ನಂಗೆ ಬೇಜಾರಿಲ್ಲ ವಾಗ್ದೇವಿ. ಊರೆಲ್ಲ ಹೋಗುತ್ತೆ. ಅದೇ ದಿನ ಹತ್ತೂವರೆಗೆ ಪರೀಕ್ಷೆ ಹಾಲ್‌ನಲ್ಲಿ ಎದ್ದು ನಿಂತು, ಎರಡೂ ಕೈ ಜೋಡಿಸಿ, ಅಷ್ಟು ಚೊಕ್ಕವಾಗಿ ‘ನಮಸ್ಕಾರ ಟೀಚರ್’ ಅಂದೆಯಲ್ಲ. ಅದು ಮಾತ್ರ ಎರಡು ದಿನ ಕಿವಿಯಿಂದ ಹೋಗ್ಲಿಲ್ಲ. ಆ ಹುಡುಗರ ಗುಂಯ್ ಎಷ್ಟೋ ವಾಸಿ ಅನ್ನಿಸ್ತು.”

ಅವರು ಸೌಮ್ಯ ಸ್ವಭಾವದವರೆಂದು ಹಿಂದೆ ಬರೆದಿದ್ದೆ. ನನ್ನ ಅಂದಾಜು ತಪ್ಪು.

೧೨ ಡಿಸೆಂಬರ್, ಸೋಮವಾರ

ವಿಜ್ಞಾನದ ಪೀರಿಯಡ್ಡಿಗೆ ಮುಂಚೆ ಪುಸ್ತಕವನ್ನು ಹಿಡಿದು ಎದ್ದು ನಿಂತೆ. ಟೀಚರು ಬಾಗಿಲಲ್ಲಿ ಇದ್ದರು. ಓದಿದೆ: “ವಾಗ್ದೇವಿ. ಸೆಪ್ಟೆಂಬರ್ ಇಪ್ಪತ್ತಾರು. ಅಧ್ಯಾಪಕರನ್ನು ಬೀದಿಯಲ್ಲಿ ಕಂಡು ಹಿಂತಿರುಗಿದ್ದು. ಅದನ್ನು ಹೇಳಿದವನನ್ನು ಉದ್ಧಟನೆಂದು ಬರೆದದ್ದು.” ಆಮೇಲೆ ಪುಸ್ತಕವನ್ನು ಟೀಚರ್ ಅವರ ಮೇಜಿನ ಮೇಲೆ ಇಟ್ಟು, ಇನ್ನು ನಾನು ಇದನ್ನು ಬರೆಯುವುದಿಲ್ಲ ಎಂದೆ.

“ಪುಸ್ತಕ ತುಂಬ್ತು ಅನ್ನಿ,” ಎಂದ ವಾಸಪ್ಪ. ಸರೋಜ ತಿರುಗಿ, “ಬಾಯ್ಮುಚ್ಚೋ,” ಎಂದಳು. ಅವನು ಮುಚ್ಚಿದ. ಅವನ ಮಟ್ಟಿಗೆ ಇದು ದೊಡ್ಡದು.

ಟೀಚರು ಬೋರ್ಡಿಗೆ ತಿರುಗಿ ಮಸೂರದ ಚಿತ್ರ ಬರೆಯಲಾರಂಭಿಸಿದರು. ಮೂಲೆಯಿಂದ ಸಣ್ಣಗೆ ಒಂದು ಗುಂಯ್ ಎದ್ದಿತು. ಜೊತೆಗೆ ಇನ್ನೊಂದು ಸೇರಲಿಲ್ಲ. ಒಂಟಿ ಸದ್ದು ಎಷ್ಟು ಪೆದ್ದಾಗಿ ಕೇಳುತ್ತದೆಂದು ನಮಗೆಲ್ಲ ಗೊತ್ತಾಯಿತು, ಮಾಡಿದವನಿಗೂ.

ಹೆಡ್‌ಮಾಸ್ಟರು ಸಂಜೆ ಗದರಿದರು. ಲೀಡರೇ ಹೀಗೆ ಹೆಸರು ಓದಿಕೊಂಡರೆ ಸದ್ವರ್ತನೆಯ ಬಹುಮಾನ ಯಾರಿಗೆ ಕೊಡುವುದು ಎಂದರು. ಸರೋಜಳಿಗೆ ಕೊಡಬಹುದು ಎಂದೆ.

೨೦ ಜನವರಿ ೧೯೬೭, ಶುಕ್ರವಾರ

ಇನ್‌ಸ್ಪೆಕ್ಟರು ಬಂದರು, ಹಿಂದಿನ ಬೆಂಚಿನಲ್ಲಿ ಕೂತರು, ಹೋದರು. ವಾಸಪ್ಪ ಅವರ ಎದುರಿಗೇ ಎದ್ದು, ನೀರಿನಲ್ಲಿ ಕೋಲು ಮುರಿದ ಹಾಗೆ ಕಾಣುವುದಾದರೆ ಮೀನಿಗೆ ನಾವು ಹೇಗೆ ಕಾಣುತ್ತೇವೆ ಎಂದು ಕೇಳಿದ. ಟೀಚರು ಬೋರ್ಡಿನ ತುಂಬ ಚಿತ್ರ ಬರೆದು ಇಪ್ಪತ್ತು ನಿಮಿಷ ಹೇಳಿದರು. ಅಷ್ಟು ಹೊತ್ತೂ ಸೀಮೆಸುಣ್ಣದ ಸದ್ದೊಂದೇ. ಮೀನಿನ ವಿಷಯ ನನಗೂ ಹೊಳೆದಿರಲಿಲ್ಲವೆಂಬುದನ್ನು ಇಲ್ಲಿ ಮಾತ್ರ ಬರೆದಿಡುತ್ತೇನೆ.

೬ ಮಾರ್ಚ್, ಸೋಮವಾರ

ಮುಗಿಯಿತೆಂದುಕೊಂಡದ್ದು ಮುಗಿದಿಲ್ಲ.

ಹೆಡ್‌ಮಾಸ್ಟರ ಮೇಜಿನ ಮೇಲೆ ಒಂದು ಅರ್ಜಿ. ಪಬ್ಲಿಕ್ ಪರೀಕ್ಷೆಯ ದಿನಗಳಲ್ಲಿ ಸದರಿ ಅಧ್ಯಾಪಕಿಯವರು ಶಾಲೆಯ ಆವರಣದಲ್ಲಿ ಇರದಂತೆ ನೋಡಿಕೊಳ್ಳತಕ್ಕದ್ದು. ತಪ್ಪಿದಲ್ಲಿ ಅವರ ನೇಮಕವನ್ನು ಮುಂದುವರಿಸುವುದಕ್ಕೆ ಪೋಷಕರ ಆಕ್ಷೇಪವಿರತಕ್ಕದ್ದು. ಕೆಳಗೆ ಹತ್ತೊಂಬತ್ತು ರುಜುಗಳು. ಅರ್ಜಿಯ ಕೈಬರಹವನ್ನು ನೋಡಿದೊಡನೆ ಗುರುತಿಸಿದೆ. ನನಗೆ ಅಕ್ಷರ ತಿದ್ದಿಸಿದ ಕೈ ಅದು. ಮೊದಲನೆಯ ರುಜು: ಗಣೇಶಮೂರ್ತಿ.

“ಐದಾರು ದಿನ ರಜೆ ಹಾಕಿ ಅಂದೆ,” ಎಂದರು ಹೆಡ್‌ಮಾಸ್ಟರು ನನ್ನ ಮುಖ ನೋಡದೆ. “ಒಪ್ಪಲಿಲ್ಲ. ರಜೆ ಹಾಕಿದ್ರೆ ಈ ಕಾಗದಕ್ಕೆ ನಾನೂ ರುಜು ಹಾಕಿದ ಹಾಗೆ, ಬೇಕಾದ್ರೆ ಕೆಲಸದಿಂದ ತೆಗೀರಿ ಅಂದ್ರು. ನಾನೇನು ಮಾಡಲಿ? ಊರು ಇದು.”

ಮನೆಯಲ್ಲಿ ಅಪ್ಪಯ್ಯನನ್ನು ಕೇಳಿದೆ.

“ನಾಲ್ಕು ಜನ ಬಾಗಿಲಿಗೆ ಬಂದು ಕೇಳಿದ್ದಕ್ಕೆ ಆನು ಬರದು ಕೊಟ್ಟಿ. ಅಕ್ಷರ ನಂದು, ಮಾತು ಅವರದ್ದು.”

“ರುಜು ಯಾರದ್ದು, ಅಪ್ಪಯ್ಯ?”

ಅಪ್ಪಯ್ಯ ಕನ್ನಡಕ ತೆಗೆದರು. “ಎಂಗೊ ಎಲ್ಲಾ ಈ ಊರಲ್ಲೇ ಬದುಕಕ್ಕು, ಕೂಸೇ.”

ಅಮ್ಮ ಒಳಗಿನಿಂದ ಬಂದಳು. “ಆ ಟೀಚರು ಒಳ್ಳೇವ್ರೇ. ಆನು ಅಲ್ಲ ಹೇಳ್ತ್ನಿಲ್ಲೆ. ಆದ್ರೆ ನಾಳೆ ನಿನ್ನ ಮಾರ್ಕು ಹೋದ್ರೆ ಎಂತ ಮಾಡ್ತೆ?”

“ಹೋದರೆ ಓದಿದ್ದು ಸಾಲಲಿಲ್ಲ ಹೇಳಿ ತಿಳ್ಕತ್ತಿ,” ಎಂದೆ. ನನ್ನ ಜನ್ಮದಲ್ಲಿ ಮಾರ್ಕು ಹೋಗುವ ವಿಷಯವನ್ನು ಇಷ್ಟು ಸಲೀಸಾಗಿ ಆಡಿದ್ದು ಇದೇ ಮೊದಲಿರಬೇಕು.

೧೦ ಮಾರ್ಚ್, ಶುಕ್ರವಾರ

ಅಪ್ಪಯ್ಯನ ಮಗಳಿಗೂ ಕಾಗದ ಬರೆಯಲು ಬರುತ್ತದೆ. ‘ಪರೀಕ್ಷೆಗೆ ಕೂರುವವರು ನಾವು. ಮೊದಲನೆಯ ದಿನ ನಮ್ಮ ಹಾಲ್ ಟಿಕೆಟ್ಟುಗಳನ್ನು ಮುಂಬಾಗಿಲಿನಲ್ಲಿ ವೇದಾವತಿ ಟೀಚರ್ ಅವರ ಕೈಯಿಂದಲೇ ಕೊಡಿಸಬೇಕಾಗಿ ಬೇಡುತ್ತೇವೆ.’ ಇಷ್ಟೇ. ‘ತಕ್ಕದ್ದು’ ಒಂದೂ ಇಲ್ಲ.

ಹುಡುಗಿಯರ ರುಜುಗಳನ್ನು ಸರೋಜ ಮಾಡಿಸಿದಳು. ಹುಡುಗರದನ್ನು ವಾಸಪ್ಪ ರೈಲಿನಲ್ಲಿ ಮಾಡಿಸಿಕೊಂಡು ಬಂದ. ಅಲುಗಾಟಕ್ಕೆ ಕೆಲವರ ರುಜು ಏಡಿ ನಡೆದ ಹಾಗಿದೆ. ಒಟ್ಟು ಮೂವತ್ತೊಂದು. ಹನ್ನೊಂದು ಮಂದಿ ಹಾಕಲಿಲ್ಲ. ಅವರಲ್ಲೊಬ್ಬಳು, ಹೂವಮ್ಮ, ಅತ್ತುಬಿಟ್ಟಳು: “ನಾನು ಫೇಲಾದ್ರೆ ಮುಂದಕ್ಕೆ ಓದಿಸಲ್ಲ ಕಣೇ, ಮದುವೆ ಮಾಡಿಬಿಡ್ತಾರೆ. ಎಲ್ಲಾ ದೇವ್ರಿಗೂ ಹರಕೆ ಹೊತ್ತಿದೀನಿ. ಈಗ ಇದೊಂದು ಬೇಡ.” ಹೇಡಿ ಎನ್ನಲು ಬಾಯಿ ತೆರೆದೆ. ಯಾಕೋ ಅನ್ನಲಿಲ್ಲ.

ಹೆಡ್‌ಮಾಸ್ಟರು ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟುಕೊಂಡು ರುಜುಗಳನ್ನು ಎಣಿಸಿದರು. “ಹತ್ತೊಂಬತ್ತು, ಮೂವತ್ತೊಂದು,” ಎಂದರು. “ಅಪ್ಪ ಒಂದು ಕಡೆ, ಮಗಳು ಒಂದು ಕಡೆ. ಬರೆವಣಿಗೆ ಮಾತ್ರ ಒಂದೇ ಥರ.” ಆಮೇಲೆ, “ಆಗ್ಲಿ. ಕೊಡ್ಲಿ ಟಿಕೆಟ್ಟು. ಆಕೆ ಕೆಲಸದ ವಿಷಯ ಮೇಲಿನೋರಿಗೆ ನಾನು ಬರೀತೀನಿ. ನನಗೂ ಒಂದು ರುಜು ಇದೆ,” ಎಂದರು.

ಓಡಿಹೋಗಿ ಟೀಚರ್ ಅವರಿಗೆ ಹೇಳಿದೆ. ಅವರ ಮುಖ ಬಿಗಿಯಿತು.

“ನನ್ನನ್ನ ಕೇಳಿದ್ಯಾ?”

“ಏನನ್ನ ಟೀಚರ್?”

“ಬಾಗಿಲಲ್ಲಿ ನಿಲ್ಲೋಳು ನಾನು. ನಲವತ್ತೆರಡು ಜನ ನನ್ನ ಮುಖ ನೋಡಿ ಒಳಗೆ ಹೋಗ್ತಾರೆ. ಒಬ್ಬ ಫೇಲಾದ್ರೂ ಊರು ಯಾರನ್ನ ಅನ್ನುತ್ತೆ? ನಿನ್ನನ್ನಲ್ಲ.”

ಕೇಳಿರಲಿಲ್ಲ. ಮೂವತ್ತೊಂದು ಜನರನ್ನು ಕೇಳಿದ್ದೆ. ಅವರನ್ನು ಕೇಳಬೇಕೆಂಬುದು ತಲೆಗೇ ಬರಲಿಲ್ಲ. ಹಾಗೆಂದು ಹೇಳಿ, ನೀವು ಬೇಡವೆಂದರೆ ಕಾಗದವನ್ನು ಹಿಂದಕ್ಕೆ ತರುತ್ತೇನೆ ಎಂದೆ. ಅವರು ಕಿಟಕಿಯ ಕಡೆ ನೋಡಿದರು.

“ಬೇಡ. ನಿಲ್ತೀನಿ. ಆದ್ರೆ ಆ ಹನ್ನೊಂದು ಜನರ ಪಟ್ಟಿ ನಂಗೆ ಕೊಡು. ಅವರ ಟಿಕೆಟ್ಟು ಮಾರಪ್ಪನ ಹತ್ರ, ಪಕ್ಕದ ಗೇಟಿನಲ್ಲಿ ಇರ್ಲಿ.”

“ಅದು ತಪ್ಪಲ್ಲವೇ ಟೀಚರ್? ಅವರಿಗೆ ಒಂದು ಬಾಗಿಲು, ನಮಗೆ ಒಂದು ಬಾಗಿಲು ಅಂದರೆ...”

“ಹೆದರಿಕೊಂಡ ಮಗು ಪರೀಕ್ಷೆ ಬರೆಯಲ್ಲ. ನಾನು ಅವರಿಗೂ ಟೀಚರು,” ಎಂದರು.

೨೭ ಮಾರ್ಚ್, ಸೋಮವಾರ

ಭಾಷೆಯ ಪತ್ರಿಕೆ ಮುಗಿಯಿತು. ಮೂರನೆಯ ಪ್ರಶ್ನೆಗೆ ಉತ್ತರ ಉದ್ದವಾಗಿ ಕೊನೆಯದಕ್ಕೆ ಹೊತ್ತು ಸಾಲಲಿಲ್ಲ. ಅದು ಹಾಗಿರಲಿ. ಬೆಳಗಿನದನ್ನು ಬರೆಯುತ್ತೇನೆ.

ಎಂಟೂಕಾಲಿಗೆ ಬಾಗಿಲಲ್ಲಿ ನಿಂತೆ. ಟೀಚರು ಬೀದಿಯಲ್ಲೇ ಬಂದರು. ನಮ್ಮ ಮನೆ ಹತ್ತಿರವಾಗುತ್ತಲೇ ಅವರ ನಡಿಗೆ ನಿಧಾನವಾಯಿತು. ನಾನು ಮೊದಲು ದಾಟಿಹೋಗಲಿ ಎಂದು ಪಕ್ಕಕ್ಕೆ ಸರಿದರು. ನಾನು ಇಳಿದುಹೋಗಿ ಅವರ ಪಕ್ಕದಲ್ಲಿ ನಿಂತೆ.

“ನಿಮ್ಮಮ್ಮ ನೋಡ್ತಿದ್ದಾರೆ.”

“ಹೌದು ಟೀಚರ್.”

ಅಮ್ಮ ಹೊಸಿಲಿನಲ್ಲೇ ಇದ್ದಳು. ಕರೆಯಲಿಲ್ಲ. ಒಳಗೂ ಹೋಗಲಿಲ್ಲ. ಅಪ್ಪಯ್ಯ ಕಿಟಕಿಯ ಹಿಂದೆ ಪಂಚಾಂಗ ಹಿಡಿದುಕೊಂಡಿದ್ದರು. ನಾವು ನಡೆದೆವು. ನಿಲ್ದಾಣದ ಕಡೆಯಿಂದ ರೈಲಿನ ಹುಡುಗರು ಬಂದು ಕೂಡಿಕೊಂಡರು.

ಟೀಚರು ಮುಂಬಾಗಿಲಿನಲ್ಲಿ ಒಂದು ಮೇಜು ಹಾಕಿಸಿಕೊಂಡು, ಒಬ್ಬೊಬ್ಬರ ನಂಬರನ್ನೂ ಗಟ್ಟಿಯಾಗಿ ಓದಿ ಟಿಕೆಟ್ಟು ಕೊಟ್ಟರು. ಮೂವತ್ತೊಂದೂ ಆಯಿತು. ಮೇಜು ಖಾಲಿ. ಮೊದಲನೆಯ ಗಂಟೆಗೆ ಇನ್ನು ಹತ್ತು ನಿಮಿಷ.

ಆಗ ಹೂವಮ್ಮ ಬಂದಳು. ಹಿಂದೆ ಇನ್ನೂ ಮೂವರು, ತಲೆ ತಗ್ಗಿಸಿಕೊಂಡು. ಪಕ್ಕದ ಗೇಟಿನಲ್ಲಿ ನಿಲ್ಲದೆ, ಅದನ್ನು ದಾಟಿಕೊಂಡೇ ಬಂದಿದ್ದರು.

“ನಂದು ಟೀಚರ್,” ಎಂದು ಹೂವಮ್ಮ ಕೈ ಚಾಚಿದಳು.

ಟೀಚರು ಖಾಲಿ ಮೇಜನ್ನು ನೋಡಿದರು, ಅವಳ ಕೈಯನ್ನು ನೋಡಿದರು. “ಅಯ್ಯೋ, ಇಲ್ಲೇ ಇರ್ರೇ, ಎಲ್ಲೂ ಹೋಗ್ಬೇಡಿ, ಮಾರಪ್ಪನ ಹತ್ರ ಇದೆ!” ಎಂದವರೇ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೈದಾನಕ್ಕೆ ಅಡ್ಡವಾಗಿ, ನಮ್ಮೆಲ್ಲರ ಕಣ್ಣೆದುರಿಗೆ, ಚಿಕ್ಕ ಹುಡುಗಿಯ ಹಾಗೆ ಓಡಿದರು.